ಶರಣುಬಂದವರಿಗೆ ನೆಲೆ: ಕನ್ನಡನಾಡಿನ ನಿರಾಶ್ರಿತ ವಸತಿಗಳ ಇತಿಹಾಸ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುತ್ತಿರುವ ಈ ಸ್ಮಾರಕ ಸಂಪುಟಕ್ಕೆ ಪರೋಪಕಾರದ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಮಾಡಿದಾಗ, ಮಠದ ಅನ್ನಛತ್ರ, ಪ್ರಸಾದನಿಲಯ, ಪಾಠಶಾಲೆಗಳ ವೃತ್ತಾಂತವನ್ನೇ ನಾನು ಬರೆಯುವೆನೆಂದು ಅವರು ಭಾವಿಸಿದ್ದಿರಬಹುದು. ಆ ವೃತ್ತಾಂತವನ್ನು ನನಗಿಂತ ಚೆನ್ನಾಗಿ ಬಲ್ಲವರು ಅನೇಕರಿರುವರು. ನಾನು ಇಲ್ಲಿ ಹೇಳಹೊರಟಿರುವದು ಹೊರಗಿನಿಂದ ಬಂದವರ ಕಥೆ. ನಮ್ಮ ಭಾಷೆಯನ್ನರಿಯದ, ನಮ್ಮ ಬಿಸಿಲನ್ನು ತಾಳಲರಿಯದ, ನಮ್ಮ ಮತದವರೂ ಅಲ್ಲದ ಸಾವಿರಾರು ಕುಟುಂಬಗಳು ಕಳೆದ ಶತಮಾನದ ಉತ್ತರಾರ್ಧದಲ್ಲಿ ಕನ್ನಡನಾಡಿಗೆ ಬಂದು ನೆಲೆನಿಂತ ಬಗೆಯನ್ನೂ, ಅವರಿಗಾಗಿ ಹುಟ್ಟಿದ ಒಂದು ಸಹಾಯಸಂಸ್ಥೆಯ ಅನುಭವವು ಮುಂದೆ ನಮ್ಮದೇ ಹಳ್ಳಿಗಳ ಬಡ ಹೆಂಗಸರ ಕೈಗೆ ಬಂದು ಸೇರಿದ ಬಗೆಯನ್ನೂ ಸದ್ಭಕ್ತರ ಮುಂದಿಡಬೇಕೆಂಬುದೇ ನನ್ನ ಉದ್ದೇಶವು.

ಹಸಿದು ಬಂದವನಿಗೆ ಎಲೆ ಹಾಕಿ ಉಣಬಡಿಸುವದು ನಮ್ಮ ಜನರಿಗೆ ರಕ್ತಗತವಾಗಿ ಬಂದ ಗುಣವು. ಆದರೆ ಮನೆ, ಹೊಲ, ದನಕರು, ದೇಶ, ಯಾವತ್ತನ್ನೂ ಕಳೆದುಕೊಂಡ ಒಂದು ಜನಾಂಗವೇ ಬಂದು ಬಾಗಿಲಲ್ಲಿ ನಿಂತಾಗ ಎಲೆಯ ಊಟವು ಎಷ್ಟು ದಿವಸ ಸಾಗೀತು? ಒಂದು ತಿಂಗಳು ಉಣಿಸಿದವನಿಗೆ ಎರಡನೆಯ ತಿಂಗಳು ಬೇಸರ. ಉಂಡವನಿಗೆ ಮೂರನೆಯ ತಿಂಗಳು ನಾಚಿಕೆ, ವರ್ಷ ಕಳೆದರೆ ಆ ನಾಚಿಕೆಯೂ ಹೋಗಿ ಆಲಸ್ಯ. ಅನ್ನವನ್ನಿಕ್ಕುವದಕ್ಕಿಂತ, ಅನ್ನವನ್ನು ಬೇಡದಂತೆ ಒಬ್ಬನನ್ನು ನಿಲ್ಲಿಸುವದು ಬಹು ಕಠಿಣವಾದ ಕೆಲಸವು. ಆ ಕಠಿಣವಾದ ಕೆಲಸವು ನಮ್ಮ ನಾಡಿನಲ್ಲಿ ಒಮ್ಮೆ ಹೇಗೆ ನಡೆಯಿತೆಂಬುದನ್ನು ನೋಡೋಣ.

ಚೀನದ ಸೈನ್ಯವು 1950ನೆಯ ಇಸವಿಯಲ್ಲಿ ಟಿಬೆಟ್ ದೇಶವನ್ನು ಪ್ರವೇಶಿಸಿತು. ಒಂಬತ್ತು ವರ್ಷಗಳ ತರುವಾಯ, 1959ರ ಮಾರ್ಚ್ ತಿಂಗಳಲ್ಲಿ ರಾಜಧಾನಿಯಾದ ಲ್ಹಾಸಾದಲ್ಲಿ ಜನರು ತಿರುಗಿಬಿದ್ದರು. ಆ ತಿಂಗಳ 17ರ ರಾತ್ರಿ ದಲಾಯಿ ಲಾಮಾ ಅವರು ವೇಷಮರೆಸಿಕೊಂಡು ಅರಮನೆಯನ್ನು ಬಿಟ್ಟು ಹೊರಟು, ಹಿಮದ ಕಣಿವೆಗಳನ್ನು ದಾಟಿ 31ರಂದು ಭಾರತದ ಎಲ್ಲೆಯೊಳಗೆ ಕಾಲಿಟ್ಟರು. ಅವರ ಬೆನ್ನ ಹಿಂದೆಯೇ ರೈತರು, ಕುರುಬರು, ವ್ಯಾಪಾರಿಗಳು, ಸನ್ಯಾಸಿಗಳು, ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರು ಹೊರಟುಬಂದರು. ಮುಂದಿನ ಕೆಲವು ವರ್ಷಗಳಲ್ಲಿ ಹೀಗೆ ಬಂದವರ ಸಂಖ್ಯೆಯು ಎಂಬತ್ತು ಸಾವಿರದಷ್ಟಾಯಿತು.

ಬಂದವರಿಗೆ ತಂಗುವದಕ್ಕೆಂದು ಆಸಾಮದ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳು ಎದ್ದವು. ಸನ್ಯಾಸಿಗಳಲ್ಲಿ ಸುಮಾರು ಒಂದೂವರೆ ಸಾವಿರ ಜನರನ್ನು ಬಂಗಾಲದ ಬಕ್ಸಾ ಎಂಬಲ್ಲಿ ಇಂಗ್ಲಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಸೆರೆಮನೆಯಲ್ಲಿ ಇರಿಸಲಾಯಿತು. ಆಚಾರ್ಯ ಕೃಪಲಾನಿಯವರ ನಾಯಕತ್ವದಲ್ಲಿ ಕೇಂದ್ರ ಪರಿಹಾರ ಸಮಿತಿಯು ಏರ್ಪಟ್ಟು ಬಟ್ಟೆ, ಔಷಧಿ, ಧಾನ್ಯಗಳನ್ನು ಕೂಡಿಸಿ ಹಂಚಿತು. ಇಷ್ಟಾದರೂ ಆ ಜನರು ಸಾಯುತ್ತಿದ್ದರು. ಹನ್ನೆರಡು ಸಾವಿರ ಅಡಿಗಳ ಎತ್ತರದಲ್ಲಿ, ಕ್ಷಯರೋಗ, ವಿಷಮಜ್ವರಗಳು ಅಪರೂಪವಾಗಿದ್ದ ಪ್ರದೇಶದಲ್ಲಿ ಬೆಳೆದ ಶರೀರಗಳು ಆಸಾಮದ ಬೇಸಿಗೆಯನ್ನು ತಡೆಯಲಿಲ್ಲ. ಗಟ್ಟಿಮುಟ್ಟಾದವರನ್ನು ಸಿಕ್ಕಿಮ್, ಕುಲ್ಲೂ, ಚಂಬಾ ಮುಂತಾದ ಬೆಟ್ಟದ ಸೀಮೆಗಳಿಗೆ ಸಾಗಿಸಿ ರಸ್ತೆ ಕಡಿಯುವ ಕೆಲಸಕ್ಕೆ ಹಚ್ಚಿದರು. ಅಲ್ಲಿ ತಂಪೇನೋ ಇತ್ತು. ಆದರೆ ಗಂಡಹೆಂಡಿರಿಬ್ಬರೂ ಕಲ್ಲು ಒಡೆಯುತ್ತಿರುವಾಗ ಮಕ್ಕಳು ದಾರಿಯ ಬದಿಯಲ್ಲಿ ಬಿದ್ದುಕೊಂಡಿರುತ್ತಿದ್ದವು. ಇಂಥ ಮಕ್ಕಳಲ್ಲಿ 51 ಮಕ್ಕಳನ್ನು 1960ರ ಮೇ ತಿಂಗಳಲ್ಲಿ ಧರ್ಮಶಾಲೆಗೆ ಕರೆತಂದು, ದಲಾಯಿ ಲಾಮಾ ಅವರ ಅಕ್ಕನವರಾದ ತ್ಸೆರಿಂಗ್ ಡೋಲ್ಮಾ ಅವರು ಒಂದು ಶಿಶುಗೃಹವನ್ನು ಆರಂಭಿಸಿದರು. ಅದೇ ಮುಂದೆ ಟಿಬೆಟೀ ಮಕ್ಕಳ ಗ್ರಾಮವೆಂದು ಬೆಳೆಯಿತು.

ರಸ್ತೆಯ ಕೂಲಿಯೂ ಶಿಬಿರದ ಗಂಜಿಯೂ ಬಾಳಲ್ಲವೆಂಬುದನ್ನು ಮನಗಂಡ ದಲಾಯಿ ಲಾಮಾ ಅವರು ತಮ್ಮ ಜನರಿಗೆ ಒಂದೆಡೆಯಲ್ಲಿ ಉಳುವ ನೆಲ ಬೇಕೆಂದು ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರನ್ನು ಕೇಳಿಕೊಂಡರು. ನೆಹರೂ ಅವರು ರಾಜ್ಯ ಸರಕಾರಗಳನ್ನು ವಿಚಾರಿಸಿದರು. ಆಗ ಮುಂದೆ ಬಂದವರಲ್ಲಿ ಎಲ್ಲರಿಗಿಂತ ಹೆಚ್ಚಿನ ನೆಲವನ್ನು ಕೊಡಲೊಪ್ಪಿದ್ದು ನಮ್ಮ ಅಂದಿನ ಮೈಸೂರು ರಾಜ್ಯವು. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯ ಬಳಿಯಲ್ಲಿ ಮೂರು ಸಾವಿರ ಎಕರೆಗಳಷ್ಟು ಅರಣ್ಯಭೂಮಿಯು ಗೊತ್ತಾಯಿತು.

ಈ ದಾನದ ಕೀರ್ತಿಯು ಯಾರಿಗೆ ಸಲ್ಲಬೇಕೆಂಬುದರಲ್ಲಿ ಒಂದು ಸಣ್ಣ ಸೂಕ್ಷ್ಮವಿದೆ. ಟಿಬೆಟೀ ಜನರು ಸಾಮಾನ್ಯವಾಗಿ ಸ್ಮರಿಸುವದು ಶ್ರೀ ಎಸ್. ನಿಜಲಿಂಗಪ್ಪನವರನ್ನು, ದಲಾಯಿ ಲಾಮಾ ಅವರೂ ಹಲವು ಸಂದರ್ಭಗಳಲ್ಲಿ ಅವರ ಉಪಕಾರವನ್ನು ಎತ್ತಿ ಹೇಳಿದ್ದಾರೆ. ಆದರೆ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದದ್ದು 1956ರಿಂದ 1958ರ ಮೇ ತಿಂಗಳವರೆಗೆ, ಮತ್ತೆ 1962ರಿಂದ 1968ರವರೆಗೆ. ಬೈಲಕುಪ್ಪೆಗೆ ಮೊದಲನೆಯ ತಂಡವು ಬಂದ 1960ರಲ್ಲಿ ಆ ಪದವಿಯಲ್ಲಿದ್ದವರು ಜಮಖಂಡಿಯ ಶ್ರೀ ಬಿ. ಡಿ. ಜತ್ತಿಯವರು. 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದ, ಮುಂದೆ ಭಾರತದ ಉಪರಾಷ್ಟ್ರಪತಿಗಳೂ ಆದ ಅದೇ ಜತ್ತಿಯವರು. ಬೈಲಕುಪ್ಪೆಯ ವಸತಿಯು ಬೇರುಬಿಟ್ಟದ್ದು, ಮುಂಡಗೋಡದ ವಸತಿಯು ಹುಟ್ಟಿದ್ದು ನಿಜಲಿಂಗಪ್ಪನವರ ಎರಡನೆಯ ಆಡಳಿತದಲ್ಲಿ. ಆದ್ದರಿಂದ ಇಬ್ಬರ ಹೆಸರನ್ನೂ ಕೂಡಿಯೇ ಹೇಳುವದು ಇತಿಹಾಸಕ್ಕೆ ಒಪ್ಪುವ ಮಾತು. ಒಬ್ಬರ ಕಾಲದಲ್ಲಿ ಬಿತ್ತಿದ ಕಾಳು ಇನ್ನೊಬ್ಬರ ಕಾಲದಲ್ಲಿ ತೆನೆಯಾದರೆ, ತೆನೆಯನ್ನು ಕಂಡವರು ಎರಡನೆಯವರನ್ನೇ ನೆನೆಯುವದು ಸ್ವಾಭಾವಿಕವಷ್ಟೆ!

1960ರ ಡಿಸೆಂಬರದಲ್ಲಿ ಆರುನೂರು ಚಿಲ್ಲರೆ ಜನರ ಮೊದಲನೆಯ ತಂಡವು ಬೈಲಕುಪ್ಪೆಗೆ ಬಂದಿಳಿಯಿತು. ಆ ಸ್ಥಳವನ್ನು ಇಂದು ನೋಡುವವರಿಗೆ ಅಂದಿನದು ಕಲ್ಪನೆಗೂ ಬಾರದು. ಕೊಡಗು ಮೈಸೂರು ಸೀಮೆಗಳ ನಡುವೆ ಕಾವೇರಿಯು ಹರಿಯುವ ಎಡೆ. ಹೊಳೆಯಾಚೆಗೆ ಹಿಂದೆ ಫ್ರೇಸರಪೇಟೆಯೆನ್ನಿಸಿಕೊಂಡಿದ್ದ ಕುಶಾಲನಗರ. ಈಚೆಗೆ ದಟ್ಟವಾದ ಕುರುಚಲು ಕಾಡು. ಬಂದವರು ಡೇರೆಗಳಲ್ಲಿ ಮಲಗಿದರು. ಹಗಲೆಲ್ಲ ಮರ ಕಡಿದು, ಬೊಡ್ಡೆ ಕಿತ್ತು, ರಾಶಿಹಾಕಿ ಸುಟ್ಟರು. ಈ ಕೆಲಸಕ್ಕೆ ದಿನಗೂಲಿಯೂ, ಬೆಳೆ ಬರುವವರೆಗೆ ಧಾನ್ಯವೂ ಸರಕಾರದಿಂದ ದೊರೆಯುತ್ತಿದ್ದವು. ದಲಾಯಿ ಲಾಮಾ ಅವರು ಇವರನ್ನು ನೋಡಲು ಬಂದಾಗ, ಬಿದಿರಿನ ಗೋಡೆ ಡೇರೆಯ ಬಟ್ಟೆಯ ಮಾಡಿನ ಒಂದು ಬಿಡಾರವನ್ನು ಅವರಿಗಾಗಿ ಕಟ್ಟಿದ್ದರಂತೆ. ಕಾಡು ಸುಟ್ಟ ಹೊಗೆಯೂ ಧೂಳೂ ರಾತ್ರಿ ಇಳಿದು ಬೆಳಗಾಗುವಷ್ಟರಲ್ಲಿ ಎಲ್ಲದರ ಮೇಲೂ ಹರಡಿಕೊಂಡಿರುತ್ತಿತ್ತೆಂದೂ, ಕಪ್ಪಗೆ ಸುಟ್ಟು ಬಡವಾಗಿದ್ದ ತಮ್ಮ ಜನರನ್ನು ಕಂಡು ಧೈರ್ಯ ಹೇಳುವದಲ್ಲದೆ ಬೇರೇನೂ ತಮ್ಮಿಂದಾಗಲಿಲ್ಲವೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿಕೊಂಡಿದ್ದಾರೆ.

ಆರು ತಿಂಗಳಿಗೊಮ್ಮೆ ಸುಮಾರು ಐದುನೂರು ಜನರಂತೆ ಬಂದು ಸೇರುತ್ತ ಒಟ್ಟು ಮೂರು ಸಾವಿರ ಜನರಾಗುವವರೆಗೆ ಈ ಕ್ರಮವು ನಡೆಯಿತು. ತಲೆಗೊಂದು ಎಕರೆಯ ಲೆಕ್ಕ ಬಿತ್ತು. ಹೀಗೆ ತಂಡತಂಡವಾಗಿ ಕರೆತಂದದ್ದು ಬಹು ವಿವೇಕದ ಕ್ರಮವೆಂದು ನನಗೆ ತೋರುತ್ತದೆ. ಮೊದಲು ಬಂದವರು ಎರಡನೆಯವರಿಗೆ ನೆಲವನ್ನು ಹಸನುಮಾಡಿಕೊಟ್ಟರು. ಎರಡನೆಯವರು ಮೂರನೆಯವರಿಗೆ ಬಿಸಿಲಿನಲ್ಲಿ ಬಾಳುವ ರೀತಿಯನ್ನು ಹೇಳಿಕೊಟ್ಟರು. ಮೂರು ಸಾವಿರ ಜನರನ್ನೂ ಒಂದೇ ದಿನ ತಂದು ಆ ಕಾಡಿನಲ್ಲಿ ಇಳಿಸಿದ್ದರೆ ಬೈಲಕುಪ್ಪೆಯು ಇನ್ನೊಂದು ಮಿಸ್ಸಾಮಾರಿಯಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಹುರಿದ ಜವೆಗೋದಿಯ ಹಿಟ್ಟನ್ನು ಬೆಣ್ಣೆಯ ಚಹದಲ್ಲಿ ಕಲಸಿ ಉಣ್ಣುತ್ತಿದ್ದ ಜನರು ಇಲ್ಲಿ ಗೋವಿನಜೋಳವನ್ನು, ಅಂದರೆ ಮೈಸೂರು ಕಡೆಯವರು ಮುಸುಕಿನ ಜೋಳವೆನ್ನುವದನ್ನು, ಬಿತ್ತಿದರು. ಅವರಲ್ಲಿ ಅನೇಕರು ಎಂದೂ ನೇಗಿಲು ಹಿಡಿದವರಲ್ಲ. ಚಮರೀಮೃಗ ಕುರಿಗಳನ್ನು ಕಾಯ್ದುಕೊಂಡು ಅಲೆಯುತ್ತಿದ್ದವರು. ಮಳೆಯನ್ನೇ ನಂಬಿದ ಬೇಸಾಯ. ಸಾಲದುದಕ್ಕೆ ಕಾಡಾನೆಗಳ ಕಾಟ. ತೆನೆ ಹಾಲುದುಂಬುವ ಹೊತ್ತಿಗೆ ಆನೆಗಳು ಹಿಂಡುಗಟ್ಟಿ ಬಂದು ರಾತ್ರೋರಾತ್ರಿ ಹೊಲವನ್ನು ನೆಲಸಮಮಾಡಿ ಹೋಗುತ್ತಿದ್ದವು. ಪ್ರಾಣಿಹಿಂಸೆಯನ್ನು ಮಾಡಲೊಲ್ಲದ ಆ ಜನರು ಅಟ್ಟಣೆ ಕಟ್ಟಿ, ಡಬ್ಬಿ ಬಡಿದು, ಕೂಗಿ ಕಾವಲಿದ್ದರು.

ಇಷ್ಟೆಲ್ಲ ಕಷ್ಟಗಳ ನಡುವೆಯೂ ಆ ವಸತಿಯು ಹತ್ತು ವರ್ಷಗಳೊಳಗೆ ತನ್ನ ಕಾಲಮೇಲೆ ನಿಂತಿತು. ಕಾರಣವೇನು? ಮೆಲ್ವಿನ್ ಗೋಲ್ಡ್‌ಸ್ಟೈನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1960ರ ದಶಕದಲ್ಲಿ ಇವರ ನಡುವೆ ಇದ್ದು ಅಭ್ಯಾಸಮಾಡಿ ಹೇಳಿದ್ದರ ತಾತ್ಪರ್ಯವಿದು: ಭಾರತ ಸರಕಾರವು ಈ ಜನರನ್ನು ಚದುರಿಸಲಿಲ್ಲ, ತಮ್ಮತನವನ್ನು ಬಿಟ್ಟು ಸುತ್ತಲಿನವರೊಳಗೆ ಕರಗಿಹೋಗಿರೆಂದು ಒತ್ತಾಯಪಡಿಸಲೂ ಇಲ್ಲ. ನೆಲವನ್ನು ಕೊಟ್ಟಿತು, ಅದರ ಮೇಲಿನ ದಿನದಿನದ ವ್ಯವಹಾರವನ್ನು ಅವರ ಹಿರಿಯರಿಗೇ ಬಿಟ್ಟುಕೊಟ್ಟಿತು. ಜನರು ಊರೂರಾಗಿ ಕೂಡಿಯೇ ಉಳಿದರು. ಅವರ ಊರುಗಳನ್ನು ನಮ್ಮ ರೈತರು ಇಂದಿಗೂ 'ಕ್ಯಾಂಪು'ಗಳೆಂದೇ ಕರೆಯುತ್ತಾರೆ. ಬೀಜ, ಗೊಬ್ಬರ, ಟ್ರ್ಯಾಕ್ಟರು, ಬೆಳೆಯ ಮಾರಾಟ ಇವುಗಳನ್ನು ಒಂದು ಸಹಕಾರಿ ಸಂಘವು ನೋಡಿಕೊಂಡಿತು. ಸ್ವಿತ್ಸರ್ಲಂಡವೇ ಮೊದಲಾದ ಪರದೇಶಗಳ ಸಹಾಯಸಂಸ್ಥೆಗಳು ಯಂತ್ರಗಳನ್ನೂ ಕುಶಲಿಗಳನ್ನೂ ಒದಗಿಸಿದವು. ಮಕ್ಕಳಿಗಾಗಿ ಕೇಂದ್ರ ಸರಕಾರದ ಶಿಕ್ಷಣ ಖಾತೆಯು 1961ರಲ್ಲಿ ಪ್ರತ್ಯೇಕವಾದ ಟಿಬೆಟೀ ಶಾಲೆಗಳ ಆಡಳಿತ ಸಂಸ್ಥೆಯೊಂದನ್ನು ನಿರ್ಮಿಸಿ, ಅವರ ಭಾಷೆಯನ್ನೂ ಕಲಿಸುವ ಏರ್ಪಾಡನ್ನು ಮಾಡಿತು. ಬಿತ್ತನೆ ಒಕ್ಕಲುಗಳಿಲ್ಲದ ಚಳಿಗಾಲದಲ್ಲಿ ಜನರು ಉಣ್ಣೆಯ ಅಂಗಿಗಳ ಗಂಟುಗಳನ್ನು ಹೊತ್ತು ಪಟ್ಟಣಗಳಿಗೆ ಹೊರಟರು. ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳ ಬೀದಿಯ ಬದಿಯಲ್ಲಿ ಸಾಲಾಗಿ ಕೂತು ಸ್ವೆಟರು ಮಾರುತ್ತಿದ್ದ ಟಿಬೆಟೀ ಹೆಂಗಸರನ್ನು ನಮ್ಮ ಸದ್ಭಕ್ತರಲ್ಲಿ ಕಾಣದವರು ವಿರಳ. ಅನೇಕ ಮನೆಗಳಿಗೆ ಹೊಲದ ಉತ್ಪನ್ನಕ್ಕಿಂತ ಆ ಎರಡು ಮೂರು ತಿಂಗಳ ವ್ಯಾಪಾರವೇ ಆಧಾರವಾಗಿತ್ತು.

ಸನ್ಯಾಸಿಗಳ ವಿಷಯವನ್ನು ಮಠದ ಶಿಷ್ಯರಿಗೆ ಸ್ವಲ್ಪ ವಿಸ್ತಾರವಾಗಿ ಹೇಳದೆ ಮುಂದೆ ಹೋಗಲಾರೆನು. ಬೈಲಕುಪ್ಪೆಯಲ್ಲಿ ಪೆನೋರ್ ರಿಂಪೋಚೆಯವರು 1963ರಲ್ಲಿ ಬೆರಳೆಣಿಕೆಯ ಸನ್ಯಾಸಿಗಳೊಡನೆ ಒಂದು ಬಿದಿರಿನ ಗುಡಿಯನ್ನು ಕಟ್ಟಿಕೊಂಡು ನಾಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದರು. ಪ್ರವಾಸಿಗರು ಇಂದು 'ಬಂಗಾರದ ಗುಡಿ'ಯೆಂದು ನೋಡಿ ಬರುವ ದೇವಾಲಯವು 1999ರಲ್ಲಿ ಪ್ರತಿಷ್ಠಿತವಾದದ್ದು ಅದೇ ಮಠದಲ್ಲಿ. ಬಕ್ಸಾದ ಸೆರೆಮನೆಯಲ್ಲಿ ಹತ್ತು ವರ್ಷಗಳ ಪರ್ಯಂತ ಗ್ರಂಥಗಳನ್ನು ಓದುತ್ತ, ಕ್ಷಯದಿಂದ ಸಾಯುತ್ತ ಉಳಿದಿದ್ದ ಸೆರಾ, ಡ್ರೆಪುಂಗ್, ಗಂದೆನ್ ಎಂಬ ಮೂರು ಮಹಾಮಠಗಳ ಸನ್ಯಾಸಿಗಳು 1970ರ ಸುಮಾರಿಗೆ ಕನ್ನಡನಾಡಿಗೆ ಬಂದರು. ಸೆರಾ ಮಠದವರು ಬೈಲಕುಪ್ಪೆಗೆ, ಉಳಿದೆರಡು ಮಠಗಳವರು ಮುಂಡಗೋಡಕ್ಕೆ. ಲ್ಹಾಸಾದಲ್ಲಿ ಸಾವಿರಾರು ಒಕ್ಕಲುಗಳು ತಂದೊಪ್ಪಿಸುವ ಧಾನ್ಯದಿಂದ ನಡೆಯುತ್ತಿದ್ದ ಮಠಗಳವು. ಇಲ್ಲಿ ಒಕ್ಕಲುಗಳಿಲ್ಲ, ಉಂಬಳಿಯಿಲ್ಲ. ಶಾಸ್ತ್ರಾರ್ಥದಲ್ಲಿ ಹೆಸರು ಪಡೆದ ಪಂಡಿತರು ಬೆಳಗಿನಲ್ಲಿ ಗುದ್ದಲಿ ಹಿಡಿದು ಹೊಲಕ್ಕೆ ಹೋಗಿ ಸಂಜೆಗೆ ಬಂದು ಪಾಠ ಹೇಳಿದರು. ಮಣ್ಣು ಹೊತ್ತು ತಮ್ಮ ಗೋಡೆಗಳನ್ನು ತಾವೇ ಕಟ್ಟಿಕೊಂಡರು. ಕಾಯಕವೆಂಬ ನಮ್ಮ ಶಬ್ದವನ್ನು ಅವರು ಕೇಳಿದ್ದರೋ ಇಲ್ಲವೋ. ಅದರ ಅರ್ಥವನ್ನಂತೂ ನಮ್ಮ ನೆಲದ ಮೇಲೆಯೇ ಮಾಡಿ ತೋರಿಸಿದರು.

ಉತ್ತರಕನ್ನಡ ಜಿಲ್ಲೆಯ ಮುಂಡಗೋಡದ ವಸತಿಯು 1966ರಲ್ಲಿ ಸುಮಾರು ನಾಲ್ಕು ಸಾವಿರ ಎಕರೆಗಳ ಅರಣ್ಯಭೂಮಿಯಲ್ಲಿ ಪ್ರಾರಂಭವಾಯಿತು. ಬೈಲಕುಪ್ಪೆಯ ಎರಡನೆಯ ವಸತಿ 1969ರಲ್ಲಿ, ಹುಣಸೂರು ತಾಲೂಕಿನ ಗುರುಪುರದ್ದು 1972ರಲ್ಲಿ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದ್ದು ಅದರ ಬೆನ್ನಿಗೇ ಆದವು. ಹೀಗೆ ಐದು ವಸತಿಗಳಾಗಿ, ಭಾರತದ ಬೇರೆ ಯಾವ ರಾಜ್ಯದಲ್ಲಿಯೂ ಇಲ್ಲದಷ್ಟು ಟಿಬೆಟೀ ಜನರು ಕರ್ನಾಟಕದಲ್ಲಿ ನೆಲೆಸಿದರು.

ಇನ್ನು ನಾನು ಪ್ರಾರಂಭದಲ್ಲಿ ಸೂಚಿಸಿದ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ವಸತಿಗಳ ಕೆಲಸದಲ್ಲಿ ಸರಕಾರಕ್ಕೆ ನೆರವಾಗಲೆಂದು 1968ರಲ್ಲಿ 'ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ'ಯೆಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಒಂದು ಸೇವಾಸಂಸ್ಥೆಯು ಬೆಂಗಳೂರಿನಲ್ಲಿ ಹುಟ್ಟಿತು. ಆ ಹೆಸರಿನ ಆದ್ಯಕ್ಷರಗಳನ್ನು ಕೂಡಿಸಿ ಜನರು ಅದನ್ನು 'ಮೈರಾಡ' ಎಂದು ಕರೆದರು. ಹತ್ತು ಹನ್ನೆರಡು ವರ್ಷಗಳಲ್ಲಿ ಟಿಬೆಟೀ ವಸತಿಗಳು ನೆರವಿಲ್ಲದೆ ನಡೆಯುವ ಹಂತಕ್ಕೆ ಬಂದವು. ಕೆಲಸ ಮುಗಿದ ಮೇಲೆ ಸಂಸ್ಥೆಯನ್ನು ಮುಚ್ಚಿಬಿಡಬಹುದಾಗಿತ್ತು. ಹಾಗೆ ಮಾಡದೆ ಅದರ ಕಾರ್ಯಕರ್ತರು, ವಸತಿಯ ಬೇಲಿಯಾಚೆಗೆ ಇದ್ದ ನಮ್ಮ ಬಡವರ ಕಡೆಗೆ ತಿರುಗಿದರು. ಬೇಲಿಯ ಒಳಗಿನ ಪರದೇಶಿಗೆ ಭೂಮಿ, ಸಂಘ, ಶಾಲೆ, ಆಸ್ಪತ್ರೆಗಳು ಆಗಿರುವಾಗ ಬೇಲಿಯ ಹೊರಗಿನ ಸ್ವದೇಶಿಯು ಕೂಲಿಯಾಳಾಗಿ ಒಳಗೆ ಬರುತ್ತಿದ್ದನೆಂಬುದು ಅವರ ಕಣ್ಣಿಗೆ ಬೀಳದಿರುವದು ಸಾಧ್ಯವೇ ಇರಲಿಲ್ಲ.

ಹಳ್ಳಿಗಳಲ್ಲಿಯೂ ಮೊದಲು ಅವರು ದೊಡ್ಡ ಸಹಕಾರಿ ಸಂಘಗಳ ಮಾರ್ಗವನ್ನೇ ಹಿಡಿದರು. ಟಿಬೆಟೀ ವಸತಿಯಲ್ಲಿ ಸಾಗಿದ ಆ ಮಾರ್ಗವು ನಮ್ಮ ಹಳ್ಳಿಗಳಲ್ಲಿ ಸಾಗಲಿಲ್ಲ. ಅಲ್ಲಿ ಒಂದೇ ಕಷ್ಟವನ್ನುಂಡ, ಒಬ್ಬರನ್ನೊಬ್ಬರು ನಂಬಿದ ಜನರಿದ್ದರು. ಇಲ್ಲಿ ಒಂದೇ ಸಂಘದ ಪುಸ್ತಕದಲ್ಲಿ ಸಾಹುಕಾರನ ಹೆಸರೂ ಅವನ ಜೀತದಾಳಿನ ಹೆಸರೂ ಇದ್ದವು. ಸಂಘವು ನೂರು ಜನರದಾದರೂ ಯಜಮಾನಿಕೆಯು ಇಬ್ಬರು ಮೂವರದಾಯಿತು. 1984–85ರ ಹೊತ್ತಿಗೆ ಹಲವು ಸಂಘಗಳು ಒಡೆದವು. ಆಗ ಒಂದು ವಿಚಿತ್ರವಾದ ಸಂಗತಿಯು ನಡೆಯಿತು. ಒಡೆದ ಸಂಘಗಳ ಬಡ ಸದಸ್ಯರಲ್ಲಿ ಕೆಲವರು ಹತ್ತಿಪ್ಪತ್ತು ಜನರ ಗುಂಪಾಗಿ ಬಂದು, ತಾವು ಪಡೆದ ಸಾಲವನ್ನು ತೀರಿಸಲು ಸಿದ್ಧರಿರುವೆವೆಂದೂ, ಆದರೆ ಆ ದೊಡ್ಡ ಸಂಘಕ್ಕೆ ಮಾತ್ರ ಕೊಡಲೊಲ್ಲೆವೆಂದೂ ತಿಳಿಸಿದರು. ಹಾಗಾದರೆ ನಿಮ್ಮ ಗುಂಪಿಗೇ ತೀರಿಸಿಕೊಳ್ಳಿರೆಂದು ಸಂಸ್ಥೆಯವರು ಒಪ್ಪಿದರು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಶ್ರೀ ಅಲೋಶಿಯಸ್ ಫರ್ನಾಂಡಿಸರು. ಸೋತದ್ದನ್ನು ಮುಚ್ಚಿಡದೆ ಸೋಲಿನಿಂದಲೇ ಪಾಠ ಕಲಿತ ಅವರ ಪ್ರಾಮಾಣಿಕತೆಯು ದೊಡ್ಡದು.

ಹೀಗೆ ಹುಟ್ಟಿದ ಚಿಕ್ಕ ಗುಂಪುಗಳೇ ನಮ್ಮ ಇಂದಿನ ಸ್ವಸಹಾಯ ಸಂಘಗಳ ಮೂಲಗಳಲ್ಲೊಂದು. ಹದಿನೈದಿಪ್ಪತ್ತು ಜನ, ಬಹುಮಟ್ಟಿಗೆ ಹೆಂಗಸರು, ತಮ್ಮ ತಮ್ಮೊಳಗೆ ನಂಬುಗೆಯಿದ್ದವರೇ ಕೂಡುವದು. ವಾರಕ್ಕೊಮ್ಮೆ ಸೇರಿ ಕೈಲಾದಷ್ಟು ಹಣವನ್ನು ಕೂಡಿಡುವದು. ಕೂಡಿದ ಹಣದಿಂದ ಒಬ್ಬರಿಗೊಬ್ಬರು ಸಾಲ ಕೊಟ್ಟುಕೊಳ್ಳುವದು. ಬಡ್ಡಿ, ದಂಡ, ವಾಯಿದೆಗಳನ್ನು ತಾವೇ ಗೊತ್ತುಮಾಡುವದು. ಬ್ಯಾಂಕಿನವರು ಸಾಲದ ಉದ್ದೇಶವು 'ಉತ್ಪಾದಕ'ವೇ ಎಂದು ಕೇಳುತ್ತಿದ್ದರು. ಗುಂಪಿನವರು ಹಾಗೆ ಕೇಳುತ್ತಿರಲಿಲ್ಲ. ಮಗುವಿಗೆ ಜ್ವರ ಬಂದರೂ ಸಾಲ, ಶಾಲೆಯ ಶುಲ್ಕಕ್ಕೂ ಸಾಲ, ಅಕ್ಕಿ ತೀರಿದರೂ ಸಾಲ. ಇವುಗಳಿಗೆ ಸಾಲ ಸಿಗದಿದ್ದರೆ ಬಡವಳು ಸಾಹುಕಾರನ ಬಾಗಿಲಿಗೆ ಹೋಗಿ ಮೂಗುತಿಯನ್ನು ಒತ್ತೆಯಿಡುವಳೆಂಬುದು ಅವರೆಲ್ಲರ ಅನುಭವದ ಮಾತಾಗಿತ್ತು. 1982ರಲ್ಲಿ ಸ್ಥಾಪಿತವಾಗಿದ್ದ ನಬಾರ್ಡ್ ಎಂಬ ರಾಷ್ಟ್ರೀಯ ಕೃಷಿ ಬ್ಯಾಂಕು 1987ರಲ್ಲಿ ಈ ಪ್ರಯೋಗಕ್ಕೆಂದು ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿಗಳನ್ನು ಕೊಟ್ಟಿತು. ಅದರ ಫಲವನ್ನು ಕಂಡು 1992ರಲ್ಲಿ ಐದುನೂರು ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಅದು ದೇಶದ ಮಟ್ಟದಲ್ಲಿ ತೊಡಗಿತು. 2000–01ರಲ್ಲಿ ಕರ್ನಾಟಕ ಸರಕಾರವು 'ಸ್ತ್ರೀಶಕ್ತಿ' ಯೋಜನೆಯನ್ನು ತಂದಿತು. ಐದುನೂರೆಂದು ಮೊದಲಾದ ಗುಂಪುಗಳು ಇಂದು ಭಾರತದಲ್ಲಿ ಲಕ್ಷಾಂತರವಾಗಿವೆ. ನಮ್ಮ ಮಠದ ಜಾತ್ರೆಗೆ ಬರುವ ತಾಯಂದಿರಲ್ಲಿ ಎಷ್ಟೋ ಜನರು ಇಂಥ ಸಂಘಗಳ ಸದಸ್ಯರು. ತಾವು ವಾರದ ಹಣ ಕಟ್ಟುವ ಆ ಪುಸ್ತಕದ ಹಿಂದೆ ಹಿಮಾಲಯವನ್ನು ದಾಟಿ ಬಂದ ನಿರಾಶ್ರಿತರ ಕಥೆಯೊಂದಿದೆಯೆಂಬುದನ್ನು ಅವರಲ್ಲಿ ಬಲ್ಲವರು ಕಡಿಮೆ.

ಎಲ್ಲ ನಿರಾಶ್ರಿತರ ಕಥೆಯೂ ಹೀಗೆಯೇ ಸಾಗಿತೆಂದು ಹೇಳುವಂತಿಲ್ಲ. ಅದೇ ಕಾಲದಲ್ಲಿ, 1970ರ ಆಸುಪಾಸಿನಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲೀ ಹಿಂದೂ ಕುಟುಂಬಗಳನ್ನು ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ, ತುಂಗಭದ್ರೆಯ ಎಡದಂಡೆಯ ಕಾಲುವೆಯ ಬಯಲಿನಲ್ಲಿ ನೆಲೆಗೊಳಿಸಿದರು. ಅವರ ಊರುಗಳಿಗೆ ಹೆಸರೂ ಇಲ್ಲ; 'ಆರ್. ಎಚ್. ಕ್ಯಾಂಪು ಒಂದು, ಎರಡು, ಮೂರು' ಎಂದು ಎಣಿಕೆಯಷ್ಟೆ. ಜಲಸಮೃದ್ಧವಾದ ನಾಡಿನಿಂದ ಬಂದ ಅವರು ಆ ಎರೆನೆಲದಲ್ಲಿ ಭತ್ತವನ್ನು ಬೆಳೆದು ತೋರಿಸಿದರು. ಟಿಬೆಟೀ ಜನರಂತೆ ಅವರ ಬೆನ್ನಿಗೆ ಜಗತ್ತೆಲ್ಲ ಗೌರವಿಸುವ ಧರ್ಮಗುರುಗಳಿರಲಿಲ್ಲ, ಪರದೇಶದ ಸಹಾಯವೂ ಇರಲಿಲ್ಲ. ಅವರಲ್ಲಿ ಬಹುಜನರು ನಾಮಶೂದ್ರರು. ಪಶ್ಚಿಮ ಬಂಗಾಲದಲ್ಲಿ ಪರಿಶಿಷ್ಟ ಜಾತಿಯೆಂದು ಎಣಿಸಲ್ಪಡುವ ಆ ಕುಲದವರಿಗೆ ಇಲ್ಲಿ ಅದೇ ಮನ್ನಣೆಯನ್ನು ಪಡೆಯುವದು ಬಹುಕಾಲದ ತೊಡಕಾಯಿತು.

ದಕ್ಷಿಣಕನ್ನಡದ ಸುಳ್ಯ, ಪುತ್ತೂರು ತಾಲೂಕುಗಳ ರಬ್ಬರ ತೋಟಗಳದು ಮತ್ತೊಂದು ಬಗೆ. ಸಿಂಹಳದ ಚಹದ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರನ್ನು ಕುರಿತು 1964ರಲ್ಲಿ ಶಾಸ್ತ್ರಿಯವರಿಗೂ ಸಿರಿಮಾವೋ ಬಂಡಾರನಾಯಕೆಯವರಿಗೂ ಒಂದು ಒಪ್ಪಂದವಾಯಿತು. ಒಂಬತ್ತು ಲಕ್ಷ ಎಪ್ಪತ್ತೈದು ಸಾವಿರ ಜನರಲ್ಲಿ ಐದು ಲಕ್ಷ ಇಪ್ಪತ್ತೈದು ಸಾವಿರ ಜನರನ್ನು ಭಾರತವೂ, ಮೂರು ಲಕ್ಷ ಜನರನ್ನು ಸಿಂಹಳವೂ ತೆಗೆದುಕೊಳ್ಳುವದು. ಉಳಿದವರ ಮಾತು ಮುಂದಕ್ಕೆ. ಮನುಷ್ಯರನ್ನು ಧಾನ್ಯದಂತೆ ಅಳೆದು ಹಂಚಿಕೊಂಡ ಇಂಥ ಪತ್ರಕ್ಕೆ ಇತಿಹಾಸದಲ್ಲಿ ಹೋಲಿಕೆಗಳು ಕಡಿಮೆ. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ಸರಕಾರದ ಅರಣ್ಯ ಅಭಿವೃದ್ಧಿ ನಿಗಮವು ರಬ್ಬರ ತೋಟಗಳನ್ನು ಎಬ್ಬಿಸಿ ಕೆಲಸವನ್ನು ಕೊಟ್ಟಿತು. ಕೆಲಸ ಸಿಕ್ಕಿತು, ವಾಸಕ್ಕೆ ಸಾಲುಮನೆ ಸಿಕ್ಕಿತು. ಸ್ವಂತದ ನೆಲವು ಸಿಕ್ಕಲಿಲ್ಲ. ನಸುಕಿನಲ್ಲೆದ್ದು ಮರದ ಹಾಲು ಕೊಯ್ಯುವ ಕೆಲಸದಿಂದ ನಿವೃತ್ತನಾದವನಿಗೆ ಆ ಮನೆಯೂ ತನ್ನದಲ್ಲ. ಟಿಬೆಟೀಯನು ಪರದೇಶಿಯಾಗಿಯೂ ಹೊಲವನ್ನು ಪಡೆದನು. ತಮಿಳನು ಭಾರತೀಯನೆಂಬ ಹಕ್ಕಿನ ಪತ್ರವನ್ನು ಪಡೆದೂ ಕೂಲಿಯಾಗಿಯೇ ಉಳಿದನು.

ಇನ್ನೂ ಒಂದು ಮಾತನ್ನು ನಿಷ್ಠುರವಾದರೂ ಹೇಳಬೇಕು. ಬೈಲಕುಪ್ಪೆ ಮುಂಡಗೋಡಗಳ ಕಾಡು ಕಡಿದು ಪರದೇಶಿಗಳಿಗೆ ನೆಲ ಕೊಟ್ಟ ಅದೇ ವರ್ಷಗಳಲ್ಲಿ, ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು, ನಮ್ಮದೇ ಮಲೆನಾಡಿನ ಸಾವಿರಾರು ಕುಟುಂಬಗಳು ಮುಳುಗಡೆಯಾಗಿ ಹೊರಬಿದ್ದವು. ಅವರನ್ನೂ ಕಾಡಿನಲ್ಲಿಯೇ ತಂದಿಳಿಸಿದರು. ಆದರೆ ಕೂಡಿ ಇಳಿಸಲಿಲ್ಲ, ಸಂಘ ಕಟ್ಟಿಕೊಡಲಿಲ್ಲ, ಕೊಟ್ಟ ನೆಲವನ್ನು ಅರಣ್ಯದ ದಫ್ತರಿನಿಂದ ಕ್ರಮಬದ್ಧವಾಗಿ ಬಿಡಿಸಿಕೊಡಲೂ ಇಲ್ಲ. ಅರವತ್ತು ವರ್ಷಗಳಾದರೂ ಅವರ 'ಹಕ್ಕುಪತ್ರ'ದ ಕೂಗು ನಿಂತಿಲ್ಲ. ಇದನ್ನು ಕಂಡು ಟಿಬೆಟೀ ಜನರ ಮೇಲೆ ಕರುಬುವವರುಂಟು. ಅವರಿಗೆ ಕೊಟ್ಟದ್ದು ಹೆಚ್ಚಾಯಿತೆಂದು ನನಗೆ ತೋರುವದಿಲ್ಲ. ಅವರಿಗೆ ಕೊಟ್ಟ ಲಕ್ಷ್ಯವನ್ನು ಶರಾವತಿಯವರಿಗೆ ಕೊಡದೆ ಹೋದದ್ದೇ ತಪ್ಪು. ಸರಕಾರಕ್ಕೆ ಮಾಡುವ ಬಗೆ ಗೊತ್ತಿರಲಿಲ್ಲವೆಂದಂತೂ ಹೇಳಲಾಗದು. ಬೈಲಕುಪ್ಪೆಯಲ್ಲಿ ಅದನ್ನು ಮಾಡಿ ತೋರಿಸಿಯಾಗಿತ್ತು.

ಟಿಬೆಟೀ ಜನರ ನೆಲವೂ ಅವರ ಸ್ವಂತದ್ದಲ್ಲ, ಗೇಣಿಯದು. 2014ರಲ್ಲಿ ಕೇಂದ್ರ ಸರಕಾರವು ಟಿಬೆಟೀ ಪುನರ್ವಸತಿ ನೀತಿಯನ್ನು ಹೊರಡಿಸಿ ಆ ಗೇಣಿಗೆ ಒಂದು ಕ್ರಮವನ್ನು ಹಾಕಿಕೊಟ್ಟಿತು. ಭಾರತದಲ್ಲಿ 1950ರಿಂದ 1987ರೊಳಗೆ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂಬುದನ್ನು ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿಯೂ, ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿಯೂ ಎತ್ತಿಹಿಡಿದವು. ಆದರೂ ಅನೇಕರು ಪ್ರಜಾತ್ವವನ್ನು ಬೇಡಿಕೊಳ್ಳಲು ಹಿಂದುಮುಂದು ನೋಡಿದರು. ನಿರಾಶ್ರಿತನೆಂಬ ಹೆಸರನ್ನು ಬಿಟ್ಟರೆ ಊರಿಗೆ ಮರಳುವ ಆಸೆಯನ್ನೇ ಬಿಟ್ಟಂತಾದೀತೆಂಬ ಅಂಜಿಕೆಯು ಹಿರಿಯರಿಗಿತ್ತು. ಕಿರಿಯರ ಮಾತು ಬೇರೆ. ಬೈಲಕುಪ್ಪೆ ಮುಂಡಗೋಡಗಳ ಕ್ಯಾಂಪುಗಳಲ್ಲಿ ಓದಿದ ತರುಣರು ಬೆಂಗಳೂರಿಗೂ, ಅಲ್ಲಿಂದ ಅಮೆರಿಕ, ಕೆನಡಾ, ಯುರೋಪಗಳಿಗೂ ಹೊರಟುಹೋಗುತ್ತಿದ್ದಾರೆ. ಹೊಲಗಳನ್ನು ಸುತ್ತಲಿನ ಹಳ್ಳಿಗಳ ನಮ್ಮ ರೈತರು ಪಾಲಿಗೆ ಹಿಡಿದು ಮಾಡುತ್ತಿರುವದುಂಟು. ಕಾಡು ಕಡಿದು ಆನೆ ಕಾಯ್ದ ಮುದುಕರು ಜಪಮಣಿಯನ್ನು ತಿರುವುತ್ತ ಮನೆಯ ಮುಂದಿನ ಬಿಸಿಲಿನಲ್ಲಿ ಕೂತಿರುತ್ತಾರೆ. ಅವರಲ್ಲಿ ಕೆಲವರನ್ನು ಮಾತಾಡಿಸಿದರೆ ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ. ಬೈಲಕುಪ್ಪೆಯವರದು ಮೈಸೂರಿನ ಕನ್ನಡ, ಮುಂಡಗೋಡದವರದು ನಮ್ಮ ಧಾರವಾಡದ ಕಡೆಯದು.